ಮಕ್ಕಳ ದೃಷ್ಟಿದೋಷ ಮತ್ತು ಮಿದುಳಿನ ನರಕೋಶಗಳ ಸುತ್ತಲಿನ ಜಾಲ: ಸಾರ್ವಜನಿಕರ ಮಾಹಿತಿಗಾಗಿ

ಮಿದುಳಿನ ಕೆಲವು ನರಕೋಶಗಳ ಸುತ್ತ ಬಲೆಯಂತಹ ಹೊದಿಕೆಯೊಂದು ಇರುತ್ತದೆ. ಇಟಲಿಯ ವಿಜ್ಞಾನಿ ಕ್ಯಾಮಿಲ್ಲೊ ಗಾಲ್ಜಿಯವರು 19ನೇ ಶತಮಾನದ ಕೊನೆಯ ದಶಕದಲ್ಲಿ ಇದನ್ನು ವಿವರಿಸಿದರು. ಸಕ್ಕರೆಯ ಅಣುಸರಪಳಿಗಳು ಹಾಗೂ ಪ್ರೋಟೀನುಗಳು ಹೆಣೆದುಕೊಂಡು ಉಂಟಾಗುವ ಈ ರಚನೆಗೆ ಪೆರಿನ್ಯೂರೋನಲ್ ಜಾಲ ಎಂದು ಹೆಸರು.

ಶಿಶುವಿನ ಮಿದುಳಿನಲ್ಲಿ ಈ ಜಾಲವು ವಿರಳವಾಗಿದ್ದು, ನರಸಂಪರ್ಕಗಳು ಅನುಭವಕ್ಕೆ ಅನುಗುಣವಾಗಿ ಸುಲಭವಾಗಿ ಬದಲಾಗುತ್ತವೆ. ಮಗು ಬೆಳೆದಂತೆ ಜಾಲವು ದಟ್ಟವಾಗಿ, ಏರ್ಪಟ್ಟ ಸಂಪರ್ಕಗಳನ್ನು ಸ್ಥಿರಗೊಳಿಸುತ್ತದೆ ಮತ್ತು ಉತ್ಕರ್ಷಣದಿಂದಾಗುವ ಹಾನಿಯಿಂದ ಕೋಶವನ್ನು ರಕ್ಷಿಸುತ್ತದೆ. ಈ ರಕ್ಷಣೆಗೆ ತೆರಬೇಕಾದ ಬೆಲೆಯೆಂದರೆ ಹೊಸದನ್ನು ರೂಪಿಸಿಕೊಳ್ಳುವ ಶಕ್ತಿ ಕುಗ್ಗುವುದು. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಯಸ್ಕ ಇಲಿಗಳ ಮಿದುಳಿನ ದೃಷ್ಟಿಭಾಗದಲ್ಲಿ ಜಾಲವನ್ನು ಕಿಣ್ವದ ಮೂಲಕ ಕರಗಿಸಿದಾಗ ಈ ಶಕ್ತಿ ಮರಳಿತು. ಮನುಷ್ಯರಿಗೆ ಇಂತಹ ದೃಷ್ಟಿಚಿಕಿತ್ಸೆ ಲಭ್ಯವಿರುವುದಿಲ್ಲ. ಲಭ್ಯವಿದೆಯೆಂಬ ಜಾಹೀರಾತುಗಳನ್ನು ಸಾರ್ವಜನಿಕರು ನಂಬತಕ್ಕದ್ದಲ್ಲ.

ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದರೆ ಮಿದುಳಿಗೆ ಆ ಕಣ್ಣಿನಿಂದ ಸ್ಪಷ್ಟ ಚಿತ್ರ ತಲುಪುವುದಿಲ್ಲ; ಮೆಳ್ಳೆಗಣ್ಣಿದ್ದರೆ ಓರೆಯಾದ ಕಣ್ಣಿನ ಚಿತ್ರವನ್ನು ಮಿದುಳು ಕಡೆಗಣಿಸಬಹುದು. ಅವಧಿ ಮೀರಿದ ನಂತರ ಪೊರೆ ತೆಗೆದರೂ ಪೂರ್ಣ ದೃಷ್ಟಿ ಬಾರದಿರಬಹುದು, ಏಕೆಂದರೆ ಆಗ ಕೊರತೆ ಕಣ್ಣಿನಲ್ಲಿರದೆ ಮಿದುಳಿನಲ್ಲಿರುತ್ತದೆ. ದಟ್ಟವಾದ ಹುಟ್ಟುಪೊರೆಗೆ ಜನನದ ಮೊದಲ ಕೆಲವು ವಾರಗಳಲ್ಲಿಯೇ ಶಸ್ತ್ರಚಿಕಿತ್ಸೆ ಆಗುವುದು ಉತ್ತಮ. ಮೆಳ್ಳೆಗಣ್ಣಿನಿಂದ ಮಂದವಾದ ದೃಷ್ಟಿಗೆ 7 ವರ್ಷದೊಳಗೆ ನೀಡುವ ಚಿಕಿತ್ಸೆ ಹೆಚ್ಚು ಫಲಕಾರಿ. ನೆಲ್ಯಾಡಿಯಂತಹ ಕೃಷಿ ಪ್ರದೇಶದಲ್ಲಿ ಮಳೆಗಾಲ ಮುಗಿಯಲಿ, ಅಡಿಕೆ ಕೊಯ್ಲು ಆಗಲಿ ಎಂದು ಮಂಗಳೂರಿನ ಪ್ರಯಾಣವನ್ನು ಮುಂದೂಡುವುದು ಸಹಜವೇ ಸರಿ. ಆದರೆ ಈ ಪ್ರಕರಣದಲ್ಲಿ ಮುಂದೂಡಿದ ತಿಂಗಳುಗಳು ಮರಳಿ ದೊರೆಯುವುದಿಲ್ಲ.

ಮಗುವಿನ ಕಣ್ಣುಗುಡ್ಡೆಯ ನಡುವೆ ಬಿಳಿ ಹೊಳಪು ಕಂಡಲ್ಲಿ, ಮೂರು ತಿಂಗಳಾದರೂ ತಾಯಿಯ ಮುಖವನ್ನು ದಿಟ್ಟಿಸದಿದ್ದಲ್ಲಿ ಅಥವಾ ಕಣ್ಣು ಓರೆಯಾಗಿದ್ದಲ್ಲಿ, ಪೋಷಕರು ಆಶಾ ಕಾರ್ಯಕರ್ತೆಗೆ ಅಥವಾ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸತಕ್ಕದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಲ್ಲಿ ವರ್ಷಕ್ಕೆ 2 ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 1 ಬಾರಿ ತಪಾಸಣೆ ನಡೆಸುತ್ತವೆ. ದೋಷ ಕಂಡುಬಂದ ಮಕ್ಕಳನ್ನು ಮುಂದಿನ ಆಸ್ಪತ್ರೆಗೆ ಕಳುಹಿಸಲಾಗುವುದು. ಕಾರ್ಯಕ್ರಮದ ವ್ಯಾಪ್ತಿಯ ಚಿಕಿತ್ಸೆಗೆ ಶುಲ್ಕವಿರುವುದಿಲ್ಲ. ತಂಡದ ಮುಂದಿನ ಭೇಟಿಯವರೆಗೆ ಕಾಯುವ ಅವಶ್ಯಕತೆ ಇರುವುದಿಲ್ಲ.

ವಯಸ್ಸು ಮೀರಿತೆಂದು ಪೋಷಕರು ಹಿಂಜರಿಯಬಾರದು. ತಡವಾಗಿ ಪೊರೆ ತೆಗೆಸಿಕೊಂಡ ಮಕ್ಕಳಲ್ಲಿಯೂ ಭಾಗಶಃ ದೃಷ್ಟಿ ಬೆಳೆದಿರುವುದು ಭಾರತದಲ್ಲಿ ನಡೆದ ಪ್ರಾಜೆಕ್ಟ್ ಪ್ರಕಾಶ್ ಅಧ್ಯಯನಗಳಲ್ಲಿ ಕಂಡುಬಂದಿದೆ. ಸದರಿ ಕಾರ್ಯಕ್ರಮದ ಸೌಲಭ್ಯಕ್ಕೆ 18 ವರ್ಷದವರೆಗಿನ ಮಕ್ಕಳು ಅರ್ಹರಾಗಿರುತ್ತಾರೆ.