ತಾಡಪತ್ರಿಯ ಆರೈಕೆ: ತೊಳೆಯುವ, ಒಣಗಿಸುವ, ಮಡಿಸಿಡುವ ಬಗೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಡಿಸೆಂಬರ್–ಜನವರಿ ತೊಗರಿ ರಾಶಿಯ ಕಾಲ. ಕಣದಲ್ಲಿ ಹಾಸಲು, ರಾತ್ರಿ ಇಬ್ಬನಿಯಿಂದ ಕಾಳು ಮುಚ್ಚಲು, ಚೀಲ ಹೇರಿದ ಲಾರಿಯ ಮೇಲೆ ಬಿಗಿಯಲು ತಾಡಪತ್ರಿ ಬೇಕೇ ಬೇಕು. ಬೆಂಬಲ ಬೆಲೆಯ ಖರೀದಿಗೆ ತೊಗರಿಯ ತೇವಾಂಶ ಶೇ 12 ಮೀರುವಂತಿಲ್ಲ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಬೆಳೆಯನ್ನು ಅಕಾಲಿಕ ಮಳೆಯಿಂದ ಕಾಯುವುದು ಈ ಒಂದು ಹಾಸು. ದಾರಿಯುದ್ದಕ್ಕೂ ಮಳೆ ತಡೆದ ತಾಡಪತ್ರಿ, ಒದ್ದೆಯಾಗಿಯೇ ಸುತ್ತಿಟ್ಟರೆ ಒಂದೇ ಮಳೆಗಾಲಕ್ಕೆ ಹಾಳಾಗುತ್ತದೆ.

ಮೂರು ಬಗೆ

ಹಿಂದೆ ಹಡಗಿನವರು ಬಟ್ಟೆಗೆ ಟಾರು ಬಳಿದು ಬಳಸುತ್ತಿದ್ದರು. ‘ಟಾರ್ಪಾಲಿನ್’ ಎಂಬ ಹೆಸರು ಬಂದದ್ದು ಅದರಿಂದ. ಈಗ ಲಾರಿಗಳ ಮೇಲೆ ಕಾಣುವುದು ಮುಖ್ಯವಾಗಿ ಮೂರು ಬಗೆ. ಮೇಣ ಹಾಯಿಸಿದ ಹತ್ತಿಯ ಕ್ಯಾನ್ವಾಸ್ ಗಟ್ಟಿ, ಆದರೆ ನೀರು ಕುಡಿದರೆ ಭಾರ. ಬೂಷ್ಟು, ಗೆದ್ದಲಿಗೂ ಬೇಗ ತುತ್ತಾಗುತ್ತದೆ. ಪಾಲಿಯೆಸ್ಟರ್ ನೇಯ್ಗೆಗೆ ಪಿವಿಸಿ ಲೇಪಿಸಿದ್ದು ಎಳೆತಕ್ಕೆ ಜಗ್ಗುವುದಿಲ್ಲ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಸು ಹಗುರ, ಅಗ್ಗ. ಬಿಸಿಲು ಅದರ ಶತ್ರು. ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನಕ್ಕೆ ಸಿಗುವುದು ಇಂಥ ಹಗುರ ಹಾಸು.

ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ: ಒಂದು ಚದರ ಮೀಟರಿನ ತೂಕ ಎಷ್ಟು ಗ್ರಾಂ ಎಂಬುದು. 8×6 ಮೀಟರಿನ, 250 ಜಿಎಸ್‌ಎಂ ಹಾಸು 12 ಕೆಜಿ ತೂಗಬೇಕು. ಕೊಳ್ಳುವಾಗ ತಕ್ಕಡಿಗೆ ಇಟ್ಟು ನೋಡಿದರೆ ಮೋಸ ಅಲ್ಲೇ ಗೊತ್ತಾಗುತ್ತದೆ.

ತೊಳೆಯುವ ಕ್ರಮ

ಮೊದಲು ಒಣ ಕೆಲಸ. ಎರೆ ಮಣ್ಣು ಹಸಿ ಇದ್ದಾಗ ತಿಕ್ಕಿದರೆ ನೇಯ್ಗೆಯೊಳಗೆ ಇಳಿಯುತ್ತದೆ. ಒಣಗಲು ಬಿಟ್ಟರೆ ಬಿರುಕುಬಿಟ್ಟು ಹೆಕ್ಕಳಿಕೆಯಾಗಿ ಏಳುತ್ತದೆ. ಇಬ್ಬರು ಎರಡು ತುದಿ ಹಿಡಿದು ಝಾಡಿಸಿದರೆ ಅರ್ಧ ಮಣ್ಣು ಅಲ್ಲೇ ಉದುರುತ್ತದೆ. ಸೇಡಂ, ವಾಡಿ ಕಡೆಯಿಂದ ಸಿಮೆಂಟ್ ತಂದ ಲಾರಿಯ ತಾಡಪತ್ರಿಗಂತೂ ಕಸಬರಿಗೆ ಆಡಿಸುವ ಮುನ್ನ ನೀರು ತಾಗಿಸಬಾರದು. ಧೂಳು ಗಟ್ಟಿಯಾಗಿ ಕಲ್ಲಿನಂತೆ ಅಂಟಿಕೊಳ್ಳುತ್ತದೆ.

ಆಮೇಲೆ ಸಪಾಟಾದ ಜಾಗದಲ್ಲಿ ಹಾಸಿ, ತಣ್ಣೀರು ಹಾಯಿಸಿ, ಮೆತ್ತನೆಯ ಬ್ರಷ್‌ನಿಂದ ತಿಕ್ಕಬೇಕು. ಪಿವಿಸಿ, ಎಚ್‌ಡಿಪಿಇ ಹಾಸುಗಳಿಗೆ ಸ್ವಲ್ಪ ಸೌಮ್ಯ ಸೋಪಿನ ನೀರು ಸಾಕು. ಕ್ಯಾನ್ವಾಸ್‌ಗೆ ಸೋಪು ಬೇಡ. ಮೇಣ ತೊಳೆದುಹೋಗಿ ನೀರು ಸೋರಲು ಶುರುವಾಗುತ್ತದೆ. ಗ್ರೀಸಿನ ಕಲೆಗೆ ಪೆಟ್ರೋಲ್, ಡೀಸೆಲ್, ಥಿನ್ನರ್ ಹಚ್ಚುವ ರೂಢಿ ಬಿಡಬೇಕು. ಪಿವಿಸಿಯನ್ನು ಮೆದುವಾಗಿಡುವ ಅಂಶವನ್ನು ಅವು ಎಳೆದುಹಾಕುತ್ತವೆ. ಮಡಿಕೆ ಇದ್ದಲ್ಲೆಲ್ಲ ಹಾಸು ಸೀಳುತ್ತದೆ. ಸಕ್ಕರೆ, ಬೆಲ್ಲ ಸಾಗಿಸಿದ ಮೇಲೆ ಅಂಟು ಪೂರ್ತಿ ತೊಳೆಯದಿದ್ದರೆ ಇರುವೆ, ಇಲಿ ಬರುತ್ತವೆ. ಗೊಬ್ಬರ, ಕೀಟನಾಶಕಕ್ಕೆ ಬಳಸಿದ ತಾಡಪತ್ರಿಯನ್ನು ಕಾಳಿಗೆ ಹಾಸಲೇಬಾರದು. ಅದಕ್ಕೆ ಬಣ್ಣದ ಗುರುತು ಹಾಕಿ ಬೇರೆ ಇಡುವುದು ಒಳ್ಳೆಯದು.

ಒಣಗಿಸುವುದು

ಎರಡೂ ಮಗ್ಗಲು ಒಣಗಬೇಕು. ಹೊಲಿಗೆ, ಅಂಚಿನ ಮಡಿಕೆ, ಹಗ್ಗ ಹಾಯುವ ರಿಂಗುಗಳ ಸುತ್ತ ನೀರು ಕೊನೆಯವರೆಗೂ ಉಳಿಯುತ್ತದೆ. ಮೇಲ್ಮೈ ಒಣಗಿತೆಂದು ನಂಬದೆ ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ಹಸಿ ಇದೆ. ಹಗ್ಗದ ಮೇಲೆ ಇಳಿಬಿಟ್ಟು ಗಾಳಿಗೆ ಒಣಗಿಸುವುದು ಉತ್ತಮ. ಇಲ್ಲಿನ ಬೇಸಿಗೆಯ ಉರಿಬಿಸಿಲು 40 ಡಿಗ್ರಿ ದಾಟುತ್ತದೆ. ಒಣಗಿದ ಮೇಲೂ ಅಲ್ಲೇ ದಿನಗಟ್ಟಲೆ ಬಿಟ್ಟರೆ ಪ್ಲಾಸ್ಟಿಕ್ ಪುಡಿಯಾಗುತ್ತದೆ.

ತೂತು ನೋಡುವುದು, ತೇಪೆ ಹಾಕುವುದು

ಹಗ್ಗದ ಮೇಲಿರುವಾಗಲೇ ತಾಡಪತ್ರಿಯ ನೆರಳಿನ ಬದಿಗೆ ನಿಂತು ನೋಡಿ. ತೂತಿದ್ದಲ್ಲಿ ಬಿಸಿಲು ಚುಕ್ಕಿಯಂತೆ ಹೊಳೆಯುತ್ತದೆ. ಸೀಮೆಸುಣ್ಣದಿಂದ ಗುರುತಿಟ್ಟು ಅಂದೇ ತೇಪೆ ಹಾಕಿಸಿ: ಕ್ಯಾನ್ವಾಸ್‌ಗೆ ಹೊಲಿಗೆ, ಪಿವಿಸಿಗೆ ಅದರದೇ ಅಂಟು ಅಥವಾ ಬಿಸಿಗಾಳಿಯ ಬೆಸುಗೆ. ಕಿತ್ತ ರಿಂಗನ್ನು ಹಾಗೇ ಬಿಟ್ಟರೆ ಓಡುವ ಲಾರಿಯ ಗಾಳಿಗೆ ಅಲ್ಲಿಂದಲೇ ಹರಿಯುತ್ತದೆ.

ಮಡಿಸಿಡುವುದು

ಪ್ರತಿ ಸಲ ಅದೇ ಗೆರೆಯಲ್ಲಿ ಮಡಿಸಿದರೆ ಲೇಪ ಅಲ್ಲಿಯೇ ಬಿರಿಯುತ್ತದೆ; ಆದ್ದರಿಂದ ಮಡಿಕೆ ಬದಲಿಸಬೇಕು, ಇಲ್ಲವೇ ಸುರುಳಿ ಸುತ್ತಬೇಕು. ನೆಲದ ತೇವ ತಾಗದಂತೆ ಇಟ್ಟಿಗೆಯ ಮೇಲೆ ಹಲಗೆ ಹಾಕಿ, ಗೋಡೆಯಿಂದ ಒಂದಿಷ್ಟು ದೂರ ಇಡಿ. ಕಾಳಿನ ಕಣ ಮಡಿಕೆಯಲ್ಲಿ ಉಳಿದರೆ ಇಲಿ ಹಾಸನ್ನೂ ಕಡಿಯುತ್ತದೆ. ಬ್ಯಾಟರಿ, ಗೊಬ್ಬರದ ಚೀಲ, ಡೀಸೆಲ್ ಡಬ್ಬಿ ಹತ್ತಿರ ಬೇಡ. ಮಳೆಗಾಲದಲ್ಲಿ ಆಗಾಗ ಬಿಚ್ಚಿ ಗಾಳಿಯಾಡಿಸಿ.

ಭೀಮಾ ದಂಡೆಯ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. 2020ರ ಅಕ್ಟೋಬರ್‌ನಲ್ಲಿ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತ್ತು. ಮನೆ ಬಿಟ್ಟು ಏಳುವ ಹೊತ್ತಿಗೆ ತಲೆಯ ಮೇಲೊಂದು ಸೂರಾಗುವುದೂ ಇದೇ ತಾಡಪತ್ರಿ. ಒಂದನ್ನಾದರೂ ಒಣಗಿಸಿ, ತೇಪೆ ಹಾಕಿಸಿ, ಕೈಗೆ ಸಿಗುವ ಎತ್ತರದ ಅಟ್ಟದ ಮೇಲೆ ಇಟ್ಟಿರಿ.