ನಾಯಿಮರಿಗಳ ಲಸಿಕೆ ಮತ್ತು ಜಂತುನಿವಾರಣೆ: ಮಲೆನಾಡಿನ ಚರಿತ್ರೆ

ನಾಯಿಮರಿಗಳ ಲಸಿಕೆ ಮತ್ತು ಜಂತುನಿವಾರಣೆ ಎಂದರೆ ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮರಿಗಳನ್ನು ರೇಬೀಸ್, ಡಿಸ್ಟೆಂಪರ್, ಪಾರ್ವೊ ಮೊದಲಾದ ಸೋಂಕುಗಳಿಂದಲೂ ಹೊಟ್ಟೆಯ ಹುಳುಗಳಿಂದಲೂ ಕಾಪಾಡಲು ಕೊಡುವ ಚುಚ್ಚುಮದ್ದು, ಔಷಧಗಳ ಕ್ರಮ. ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆ ಮತ್ತು ಅದನ್ನು ಸುತ್ತುವರಿದ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಕ್ರಮ ಬೇರೂರಿದ್ದು ತಡವಾಗಿ, ಅದೂ ತಲೆಕೆಳಗಾಗಿ. ಅಲ್ಲಿಗೆ ಮೊದಲು ಬಂದದ್ದು ಮನುಷ್ಯನ ಜೀವಕ್ಕೆ ಅಂಜಿ ನಾಯಿಗೆ ಚುಚ್ಚುವ ಮದ್ದು. ಕುನ್ನಿಗಳನ್ನು ನಿಜವಾಗಿ ಕೊಲ್ಲುವ ಕಾಯಿಲೆಗಳ ಮದ್ದು ಬಂದದ್ದು ಆಮೇಲೆ.

ಮಲೆನಾಡಿನ ಒಂಟಿಮನೆಗೆ ನಾಯಿ ಅಲಂಕಾರವಲ್ಲ. ಗದ್ದೆಗೆ ಇಳಿಯುವ ಹಂದಿ, ತೋಟಕ್ಕೆ ಹಾರುವ ಮಂಗ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಮನುಷ್ಯ ಎಲ್ಲಕ್ಕೂ ಅದೇ ಕಾವಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲು ಶಿಕಾರಿಗೂ ಅದು ಬೇಕಿತ್ತು. 19ನೇ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯನ್ನು ಚಿತ್ರಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ಒಂದು ಪಾತ್ರವೇ ಆಗಿದೆ. ಗುತ್ತಿಗೆ ‘ನಾಯಿಗುತ್ತಿ’ ಎಂಬ ಹೆಸರು ಬಂದದ್ದೂ ಅದರಿಂದಲೇ. ಆದರೆ ದೊಡ್ಡದಾದ ನಾಯಿಗೆ ಇದ್ದ ಈ ಬೆಲೆ ಕುನ್ನಿಗೆ ಇರಲಿಲ್ಲ. ಭಾದ್ರಪದದಲ್ಲಿ ಬೆದೆಗೆ ಬಂದ ನಾಯಿ, ಅರುವತ್ತಮೂರು ದಿನಗಳ ಬಸಿರು ಕಳೆದು ಕಾರ್ತಿಕದ ಹೊತ್ತಿಗೆ ಕೊಟ್ಟಿಗೆಯ ಮೂಲೆಯಲ್ಲೋ ಸೌದೆಯ ರಾಶಿಯ ಹಿಂದೆಯೋ ಮರಿ ಹಾಕುತ್ತದೆ. ಆರೇಳು ಮರಿಗಳಲ್ಲಿ ಒಂದೋ ಎರಡೋ ಉಳಿದರೆ ಸಾಕೆಂದು ಮನೆಯವರು ನಡೆದುಕೊಂಡು ಬಂದಿದ್ದರು. ಉಳಿದವು ಹೊಟ್ಟೆ ಉಬ್ಬಿ, ಒಸಡು ಬಿಳಿಚಿ, ಒಂದೊಂದಾಗಿ ಸತ್ತರೆ ‘ದೃಷ್ಟಿ’ಯೆಂದೋ ‘ಚಳಿ’ಯೆಂದೋ ಅನ್ನುತ್ತಿದ್ದರು.

ಹುಚ್ಚುನಾಯಿಯ ಭಯ

ರೇಬೀಸಿನ ಅರಿವು ಭಾರತದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಹುಚ್ಚುನಾಯಿಯ ವಿಷವನ್ನು ವಿವರಿಸಿ, ನೀರು ಕಂಡರೆ ಬೆದರುವ ‘ಜಲತ್ರಾಸ’ ಕಾಣಿಸಿಕೊಂಡವನು ಉಳಿಯುವುದಿಲ್ಲ ಎನ್ನುತ್ತದೆ. ಈ ಕೊನೆಯ ಮಾತು ಇಂದಿಗೂ ಹೆಚ್ಚುಕಡಿಮೆ ನಿಜ. ಹಳ್ಳಿಯ ಮದ್ದಿನವರು ಅಂಕೋಲೆಯ ಬೇರು, ಉಮ್ಮತ್ತಿ ಮುಂತಾದವನ್ನು ಅರೆದು ಕೊಡುತ್ತಿದ್ದರು. ಕಚ್ಚಿದ ನಾಯಿಗಳಲ್ಲಿ ಬಹುಪಾಲು ಹುಚ್ಚು ಹಿಡಿದವಲ್ಲವಾದ್ದರಿಂದ ಮದ್ದಿಗೆ ಒಳ್ಳೆಯ ಹೆಸರೂ ಉಳಿಯಿತು.

ರಿಪ್ಪನ್‌ಪೇಟೆಗೆ ಹೆಸರು ಬಂದದ್ದು 1880ರಿಂದ 1884ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ರಿಪ್ಪನ್‌ನಿಂದ ಎಂದು ಹೇಳುವುದುಂಟು. ಆತ ಭಾರತ ಬಿಟ್ಟ ಮರುವರ್ಷ, 1885ರ ಜುಲೈ 6ರಂದು, ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ರೇಬೀಸ್ ಲಸಿಕೆ ಕೊಡಿಸಿದ. ಪಾಶ್ಚರ್ ಅದನ್ನು ಮೊದಲು ಪರೀಕ್ಷಿಸಿದ್ದು ನಾಯಿಗಳ ಮೇಲೆಯೇ. ಆದರೂ ಮುಂದಿನ ಮೂವತ್ತೈದು ವರ್ಷ ಲಸಿಕೆ ಸಿಕ್ಕಿದ್ದು ಕಚ್ಚಿಸಿಕೊಂಡವರಿಗೆ ಮಾತ್ರ. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲೂ 1907ರಲ್ಲಿ ನೀಲಗಿರಿಯ ಕೂನೂರಿನಲ್ಲೂ ಪಾಶ್ಚರ್ ಸಂಸ್ಥೆಗಳು ತೆರೆದವು. ದಕ್ಷಿಣದವರಿಗೆ ‘ಕೂನೂರಿಗೆ ಹೋಗುವುದು’ ಎಂದರೆ ನಾಯಿ ಕಚ್ಚಿಸಿಕೊಂಡು ಹೋಗುವುದು ಎಂದೇ ಅರ್ಥವಾಗಿದ್ದ ಕಾಲ ಅದು. 1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಪ್ರಾಣಿಯ ಮಿದುಳಿನಲ್ಲಿ ಬೆಳೆಸಿ ಫಿನಾಲ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ತಯಾರಿಸಿದ ಮೇಲೆ ಅದನ್ನು ದೂರದ ಆಸ್ಪತ್ರೆಗಳಿಗೂ ಕಳಿಸಲು ಸಾಧ್ಯವಾಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಮೂರು ತಲೆಮಾರಿನ ಮಕ್ಕಳನ್ನು ಹೆದರಿಸಿದ್ದು ಇದೇ. ಭಾರತ ಅದರ ತಯಾರಿಕೆಯನ್ನು ನಿಲ್ಲಿಸಿದ್ದು 2004ರ ಡಿಸೆಂಬರಿನಲ್ಲಿ.

ನಾಯಿಗಳಿಗೇ ಲಸಿಕೆ ಹಾಕಿ ರೋಗವನ್ನು ಬುಡದಲ್ಲಿ ತಡೆಯುವ ದಾರಿ ತೋರಿಸಿದವರು ಜಪಾನಿನ ಉಮೆನೊ ಮತ್ತು ಡೊಯಿ (1921). 1940ರ ದಶಕದ ಕೊನೆಗೆ ಕೋಳಿಮೊಟ್ಟೆಯಲ್ಲಿ ಬೆಳೆಸಿದ ಫ್ಲೂರಿ ತಳಿಯ ಲಸಿಕೆ, ಅನಂತರ ಜೀವಕೋಶಗಳಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ಲಸಿಕೆಗಳು ಬಂದವು. ಕರ್ನಾಟಕದ ಪಶುಪಾಲನಾ ಇಲಾಖೆ ಮೈಸ್ಟರನ ನೆನಪಿನ ಜುಲೈ 6ರಂದು, ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ರಂದು ಉಚಿತ ರೇಬೀಸ್ ಲಸಿಕೆ ಶಿಬಿರಗಳನ್ನು ನಡೆಸುವ ರೂಢಿಯಿದೆ. ಹಳ್ಳಿಯ ನಾಯಿ ಸೂಜಿಯ ಮುಖ ಕಾಣುವುದು ಹೆಚ್ಚಾಗಿ ಇಂಥ ಶಿಬಿರದಲ್ಲೇ. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಎಂದು ಯಾರಾದರೂ ಹೇಳಿದರೆ ಅದು ರೇಬೀಸಿನದು ಮಾತ್ರ ಎಂದು ತಿಳಿಯಬೇಕು.

ಗೋಡಾಕ್ಟ್ರ ಚೀಲ

ಮೈಸೂರು ಸಂಸ್ಥಾನದ ಪಶುವೈದ್ಯ ವ್ಯವಸ್ಥೆ ಬೆಳೆದದ್ದು ದನಕ್ಕಾಗಿ. ಅದರ ಮೊದಲ ಶತ್ರು ದೊಡ್ಡರೋಗ (ರಿಂಡರ್‌ಪೆಸ್ಟ್). ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿದ್ದೂ ಅದನ್ನು ಎದುರಿಸಲೆಂದೇ. ಪಶುವೈದ್ಯರಿಗೆ ಮಲೆನಾಡಿನಲ್ಲಿ ಇಂದಿಗೂ ‘ಗೋಡಾಕ್ಟ್ರು’ ಎಂದೇ ಹೆಸರು. ಕರು ಅಡ್ಡ ಸಿಕ್ಕಿದಾಗ, ಕೆಚ್ಚಲು ಬಾತಾಗ ಅವರನ್ನು ಕರೆಯುತ್ತಾರೆ. ಬಂದವರು ಹೊರಡುವಾಗ, ‘ಹಂಗೇ ಈ ನಾಯಿಗೂ ಒಂದು ನೋಡಿ’ ಎನ್ನುತ್ತಾರೆ. ಈ ಭಾಗದಲ್ಲಿ ನಾಯಿಯ ಚಿಕಿತ್ಸೆ ನಡೆದುಬಂದದ್ದು ಬಹುಮಟ್ಟಿಗೆ ಈ ಕೊಸರಿನಲ್ಲಿ. ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾದರೂ ಮಲೆನಾಡಿನವರಿಗೆ ಹತ್ತಿರದಲ್ಲಿ ನಾಯಿಯನ್ನು ನಾಯಿಯೆಂದೇ ನೋಡುವ ದೊಡ್ಡ ಆಸ್ಪತ್ರೆ ಸಿಕ್ಕಿದ್ದು ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯ ಬಂದ ಮೇಲೆ.

ವಿಚಿತ್ರವೆಂದರೆ, ದನಗಳನ್ನು ಕೊಂದ ದೊಡ್ಡರೋಗದ ವೈರಸ್, ಕುನ್ನಿಗಳನ್ನು ಕೊಲ್ಲುವ ಡಿಸ್ಟೆಂಪರ್ ವೈರಸ್, ಮಕ್ಕಳ ದಡಾರದ ವೈರಸ್ ಮೂರೂ ಒಂದೇ ಕುಲದವು. ಡಿಸ್ಟೆಂಪರಿನಲ್ಲಿ ಮೊದಲು ಜ್ವರ, ಮೂಗು ಕಣ್ಣುಗಳಲ್ಲಿ ಕೀವು, ಕೆಮ್ಮು. ಇದರಲ್ಲಿ ಬದುಕಿದವು ಎಷ್ಟೋ ವಾರಗಳ ಮೇಲೆ ಕಾಲು ಸೆಳೆತ, ಫಿಟ್ಸ್ ಬಂದು ನೆಲಕಚ್ಚುತ್ತವೆ. ಈ ಸೆಳೆತವನ್ನು ಕಂಡು ‘ಹುಚ್ಚು ಹಿಡಿಯಿತು’ ಎಂದು ಹೊಡೆದು ಕೊಲ್ಲುವುದೂ ಇತ್ತು. 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ಇದು ವೈರಸ್ ರೋಗವೆಂದು ತೋರಿಸಿದ. 1923ರಲ್ಲಿ ಇಟಲಿಯ ಪುಂಟೋನಿ ಲಸಿಕೆಯ ಮೊದಲ ಪ್ರಯತ್ನ ಮಾಡಿದ. ಇಂಗ್ಲೆಂಡಿನಲ್ಲಿ ಬೇಟೆನಾಯಿಗಳ ಒಡೆಯರು ‘ದಿ ಫೀಲ್ಡ್’ ಪತ್ರಿಕೆಯ ಮೂಲಕ ಹಣ ಕೂಡಿಸಿದರು. ಆ ಹಣದಲ್ಲಿ ಲೇಡ್ಲಾ ಮತ್ತು ಡಂಕಿನ್ 1928ರ ಹೊತ್ತಿಗೆ ಬಳಸಬಹುದಾದ ಲಸಿಕೆಯನ್ನು ರೂಪಿಸಿದರು. ಶ್ರೀಮಂತರ ಶಿಕಾರಿಯ ಮೋಹದಿಂದ ಹುಟ್ಟಿದ ಈ ಲಸಿಕೆ ಮಲೆನಾಡಿನ ಶಿಕಾರಿನಾಯಿಗಳನ್ನು ಮುಟ್ಟಲಿಲ್ಲ. 1960ರ ದಶಕದಲ್ಲಿ ತಾಯಿಯಿಂದ ಬಂದ ರಕ್ಷಣೆ ಮರಿಯ ಲಸಿಕೆಗೆ ಅಡ್ಡಬರುವುದನ್ನು ತಪ್ಪಿಸಲು ಮಕ್ಕಳ ದಡಾರದ ಲಸಿಕೆಯನ್ನೇ ಮರಿಗಳಿಗೆ ಕೊಡುವ ಉಪಾಯವೂ ನಡೆಯಿತು. ದೊಡ್ಡರೋಗ 2011ರಲ್ಲಿ ಲೋಕದಿಂದಲೇ ಅಳಿದಿದೆ ಎಂದು ಘೋಷಣೆಯಾಯಿತು. ಅದರ ದಾಯಾದಿ ಡಿಸ್ಟೆಂಪರ್ ಮಾತ್ರ ಉಳಿದಿದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಈ ವೈರಸ್ ಪತ್ತೆಯಾಯಿತು. ಚಿರತೆ ಅಂಗಳದ ನಾಯಿಯನ್ನೇ ಹೊತ್ತೊಯ್ಯುವ, ಸೀಳುನಾಯಿಗಳು ಕಾಡಂಚಿನಲ್ಲೇ ತಿರುಗುವ ಸೀಮೆಯಲ್ಲಿ ಇದು ಬರೀ ಗುಜರಾತಿನ ಸುದ್ದಿಯಲ್ಲ.

ಅಡಿಕೆ ಮತ್ತು ಲಾಡಿಹುಳು

ಜಂತುನಿವಾರಣೆಯ ಚರಿತ್ರೆಯಲ್ಲಿ ಸಾಗರ, ತೀರ್ಥಹಳ್ಳಿಗಳ ತೋಟಪಟ್ಟಿಗೆ ತಾನೇ ಅರಿಯದ ಒಂದು ನಂಟಿದೆ. 19ನೇ ಶತಮಾನದ ಬ್ರಿಟನ್ನಿನಲ್ಲಿ ನಾಯಿಯ ಲಾಡಿಹುಳುವಿಗೆ ಹೆಸರಾದ ಔಷಧ ಅಡಿಕೆ. ಹೊಸದಾಗಿ ತುರಿದ ಅಡಿಕೆಪುಡಿಯನ್ನು ನಾಯಿಯ ತೂಕದ ಪ್ರತಿ ಪೌಂಡಿಗೆ 2 ಗ್ರೇನ್‌ನಂತೆ, ಉಪವಾಸ ಕೆಡವಿದ ಹೊಟ್ಟೆಗೆ ಕೊಟ್ಟು, ಮೇಲೆ ಹರಳೆಣ್ಣೆ ಕುಡಿಸುವುದು ಅಲ್ಲಿನ ನಾಯಿಸಾಕಣೆಯ ಪುಸ್ತಕಗಳ ವಾಡಿಕೆಯ ಸಲಹೆ. 1888ರಲ್ಲಿ ಜರ್ಮನಿಯ ಯಾನ್ಸ್ ಅಡಿಕೆಯಿಂದ ಆರೆಕೋಲಿನ್ ಎಂಬ ಸಾರವನ್ನು ಬೇರ್ಪಡಿಸಿದ. ಅದು ಲಾಡಿಹುಳುವಿನ ಹಿಡಿತವನ್ನು ಸಡಿಲಿಸುತ್ತದೆ, ಜತೆಗೇ ನಾಯಿಯ ಕರುಳನ್ನು ಕೆರಳಿಸಿ ಹುಳುವನ್ನು ಹೊರಗೆ ತಳ್ಳಿಸುತ್ತದೆ. ನ್ಯೂಜಿಲೆಂಡ್ ದೇಶವಂತೂ ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆ ಕಟ್ಟಿಸುವ ಹೈಡಟಿಡ್ ಲಾಡಿಹುಳುವನ್ನು ಓಡಿಸಲು ಊರೂರಿನ ಕುರಿನಾಯಿಗಳನ್ನು ಒಂದೆಡೆ ಸಾಲಾಗಿ ಕಟ್ಟಿ ಆರೆಕೋಲಿನ್ ಕುಡಿಸಿತು. 2002ರಲ್ಲಿ ತಾನು ಈ ಪಿಡುಗಿನಿಂದ ಮುಕ್ತವಾದೆನೆಂದು ಹೇಳಿಕೊಂಡಿತು.

ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಕುಲಗೋತ್ರ ಹೇಳಬಲ್ಲ ಬೆಳೆಗಾರರ ಅಂಗಳದಲ್ಲೇ ಕುನ್ನಿಗಳು ಹುಳುವಿನಿಂದ ಸತ್ತದ್ದು ವಿಪರ್ಯಾಸ. ಹಾಗೆಂದು ಯಾರೂ ಇಂದು ಈ ಪ್ರಯೋಗಕ್ಕೆ ಕೈಹಾಕಬಾರದು. ಔಷಧವಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಎಳೆಯ ಮರಿ ವಾಂತಿ, ಜೊಲ್ಲು ಸುರಿತದಿಂದ ಕುಸಿದುಬೀಳುತ್ತದೆ. ಬೇಯಿಸಿದ ಕೆಂಪಡಿಕೆಯಲ್ಲಿ ಸಾರದ ಒಂದು ಪಾಲು ಚೊಗರಿಗೇ ಇಳಿದುಹೋಗುವುದರಿಂದ ಅಳತೆಯೂ ಕೈಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕುನ್ನಿಯನ್ನು ಕೊಲ್ಲುವುದು ಲಾಡಿಹುಳುವಲ್ಲ. ದುಂಡುಹುಳು ಮತ್ತು ಕೊಕ್ಕೆಹುಳು.

ದುಂಡುಹುಳುವಿನ ಮರಿಗಳು ತಾಯಿನಾಯಿಯ ಮಾಂಸದಲ್ಲಿ ವರ್ಷಗಟ್ಟಲೆ ಮಲಗಿದ್ದು, ಬಸಿರಿನ ಆರು ವಾರ ಕಳೆದ ಮೇಲೆ ಎಚ್ಚೆತ್ತು ಗರ್ಭದ ಮರಿಗಳನ್ನು ಸೇರುತ್ತವೆ. ಅಂದರೆ ಕುನ್ನಿ ಹುಳುವನ್ನು ಹೊತ್ತುಕೊಂಡೇ ಹುಟ್ಟುತ್ತದೆ. ಕೊಕ್ಕೆಹುಳು ತಾಯಿಯ ಹಾಲಿನಲ್ಲಿ ಬಂದು ಮರಿಯ ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ಮಳೆಗಾಲದ ಒದ್ದೆ ನೆಲ, ಕೊಟ್ಟಿಗೆಯ ಬದಿಯ ಕೆಸರು ಅದಕ್ಕೆ ಹೇಳಿಮಾಡಿಸಿದ ತವರು. ನಾಯಿಯ ದುಂಡುಹುಳು ಮಕ್ಕಳ ಯಕೃತ್ತು, ಕಣ್ಣುಗಳನ್ನೂ ಹೊಗಬಲ್ಲದು. ಮಕ್ಕಳ ದೇಹದಲ್ಲಿ ಹೀಗೆ ಅಲೆಯುವ ಮರಿಹುಳುಗಳ ರೋಗವನ್ನು 1952ರಲ್ಲಿ ಅಮೆರಿಕದ ಪಾಲ್ ಬೀವರ್ ಮತ್ತು ಸಂಗಡಿಗರು ಗುರುತಿಸಿದರು. ಮರಿಗೆ ಎರಡನೆಯ ವಾರದಿಂದಲೇ ಔಷಧ ಶುರುಮಾಡಿ ಎರಡೆರಡು ವಾರಕ್ಕೊಮ್ಮೆ ಎರಡು ತಿಂಗಳವರೆಗೆ, ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ ಕೊಡಬೇಕೆನ್ನುವುದು ಇದಕ್ಕಾಗಿ. ತಾಯಿಗೂ ಅದೇ ದಿನ ಕೊಡದಿದ್ದರೆ ಮರಿಗೆ ಕೊಟ್ಟದ್ದು ಅರ್ಧ ವ್ಯರ್ಥ.

ಔಷಧಗಳ ಸಾಲು ಬೇಗಬೇಗ ಬದಲಾಯಿತು: 1920ರ ದಶಕದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡಿನಂಥ ಒರಟು ರಾಸಾಯನಿಕಗಳು, 1950ರ ದಶಕದಲ್ಲಿ ಪೈಪರಜೀನ್, 1960ರ ದಶಕದಲ್ಲಿ ಪೈರಾಂಟೆಲ್, 1970ರ ದಶಕದಲ್ಲಿ ಫೆನ್‌ಬೆಂಡಜೋಲ್ ಮತ್ತು ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್. ಅಡಿಕೆಯ ಕಾಲ ಮುಗಿದದ್ದು ಈ ಪ್ರಾಜಿಕ್ವಾಂಟೆಲ್‌ನಿಂದ. ಇಂದು ಪೇಟೆಯ ಔಷಧದಂಗಡಿಯಲ್ಲಿ ಸಿಗುವ ನಾಯಿಮಾತ್ರೆ ಸಾಮಾನ್ಯವಾಗಿ ಇಂಥ ಎರಡು ಮೂರು ಔಷಧಗಳ ಬೆರಕೆ. ಹತ್ತು ಕಿಲೋ ತೂಕಕ್ಕೆ ಒಂದು.

ಪಾರ್ವೊ ಬಂದ ಮೇಲೆ

ಮಲೆನಾಡಿನವರು ಮರಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವುದನ್ನು ಕಲಿತದ್ದು ಪಾರ್ವೊದಿಂದ ಎಂದರೆ ತಪ್ಪಾಗದು. 1978ಕ್ಕೆ ಮೊದಲು ನಾಯಿಗಳ ಲೋಕಕ್ಕೆ ಗೊತ್ತಿಲ್ಲದಿದ್ದ ಈ ವೈರಸ್ ಬೆಕ್ಕಿನ ವೈರಸ್ಸಿನ ಬಳಗದಿಂದ ಕವಲೊಡೆದು ಎರಡೇ ವರ್ಷಗಳಲ್ಲಿ ಭೂಮಿಯನ್ನೆಲ್ಲ ಸುತ್ತಿತು. ಭಾರತದಲ್ಲಿ 1982ರಲ್ಲಿ ಮದ್ರಾಸಿನಿಂದ ವರದಿಯಾಯಿತು. ವಾಂತಿ, ನಾತ ಹೊಡೆಯುವ ರಕ್ತಭೇದಿ, ಎರಡು ಮೂರು ದಿನಗಳಲ್ಲಿ ಸಾವು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುವುದರಿಂದ, ಸತ್ತ ಮರಿಯ ಜಾಗಕ್ಕೆ ತಂದ ಹೊಸ ಮರಿಯೂ ಸಾಯುತ್ತದೆ. ಮನೆಗೆ ನಾಯಿ ಆಗಿಬರುವುದಿಲ್ಲ ಎಂಬ ಮಾತು ಎಷ್ಟೋ ಸಲ ಇದರದ್ದೇ ನೆರಳು. ಸಾವಿರಾರು ರೂಪಾಯಿ ಕೊಟ್ಟು ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಜಾತಿಮರಿ ತರುವ ರೂಢಿ ಹೆಚ್ಚಿದಾಗ, ಮರಿ ಸತ್ತರೆ ಕಳೆದುಕೊಂಡದ್ದು ಹಣವೂ ಆಯಿತು. ಲಸಿಕೆಗೆ ಬೆಲೆ ಬಂತು. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್‌ಗಳ ಜತೆಗೆ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೊಸಿಸ್ ಅನ್ನೂ ಸೇರಿಸಿದ ಒಂದೇ ಸೂಜಿಯ ಲಸಿಕೆ ಇಂದು ರೂಢಿಯಲ್ಲಿದೆ. ಗದ್ದೆಯ ನೀರಿನಲ್ಲೇ ಓಡಾಡುವ ನಾಯಿಗೆ ಆ ಕೊನೆಯದು ಬರೀ ಲೆಕ್ಕಕ್ಕಲ್ಲ.

ಇಲ್ಲಿ ಅತಿ ಸಾಮಾನ್ಯವಾದ ತಪ್ಪು ಒಂದೇ ಸೂಜಿಗೆ ನಿಲ್ಲಿಸುವುದು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಒಂದು ಮರಿಯಲ್ಲಿ ಆರು ವಾರಕ್ಕೆ ಇಳಿದರೆ ಇನ್ನೊಂದರಲ್ಲಿ ಹದಿನಾಲ್ಕು ವಾರವಾದರೂ ಇರುತ್ತದೆ. ಅದು ಇರುವವರೆಗೆ ಹಾಕಿದ ಲಸಿಕೆ ಹಿಡಿಯುವುದಿಲ್ಲ. ಆದುದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಮೊದಲನೆಯದು, ಮೂರು ನಾಲ್ಕು ವಾರಗಳ ಅಂತರದಲ್ಲಿ ಮತ್ತೆ ಮತ್ತೆ, ಕೊನೆಯದು ಹದಿನಾರು ವಾರ ತುಂಬಿದ ಮೇಲೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಮತ್ತೊಂದು, ವರ್ಷ ತುಂಬಿದಾಗ.

ಈಚಿನ ವರ್ಷಗಳು

2003ರಲ್ಲಿ ಬೆಂಗಳೂರಿನ ಡಾ. ಎಂ.ಕೆ. ಸುದರ್ಶನ್ ಮತ್ತು ಸಂಗಡಿಗರು ನಡೆಸಿದ ರಾಷ್ಟ್ರೀಯ ಸಮೀಕ್ಷೆ ಭಾರತದಲ್ಲಿ ರೇಬೀಸಿನಿಂದ ವರ್ಷಕ್ಕೆ ಸುಮಾರು 20,000 ಜನ ಸಾಯುತ್ತಾರೆಂದು ಅಂದಾಜು ಮಾಡಿತು. 2021ರ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ 2030ರೊಳಗೆ ನಾಯಿಗಳಿಂದ ಬರುವ ರೇಬೀಸನ್ನು ಕೊನೆಗಾಣಿಸುವ ಕ್ರಿಯಾಯೋಜನೆ ಪ್ರಕಟಿಸಿತು. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆಂಬುದು ಅದರ ಹಿಂದಿನ ಲೆಕ್ಕ. ನೆರೆಯ ಗೋವಾ ಮನೆಮನೆಗೆ, ಬೀದಿಬೀದಿಗೆ ಬಲೆ ಹಿಡಿದು ಹೋಗಿ ಅದನ್ನು ಮಾಡಿ ತೋರಿಸಿದೆ. ಒಂಟಿಮನೆಗಳ ನಡುವೆ ಮೈಲಿಗಟ್ಟಲೆ ಕಾಡು ಇರುವ ಹೊಸನಗರದಂಥ ತಾಲ್ಲೂಕಿನಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾದ ದಿನ ಅದು ಅಷ್ಟು ಸಲೀಸಲ್ಲ. ಲಸಿಕೆಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಟಾಂಜಾನಿಯದ ಪ್ರಯೋಗವೊಂದರಲ್ಲಿ ನಾಯಿಗಳ ರೇಬೀಸ್ ಲಸಿಕೆಯೊಂದು 30 ಡಿಗ್ರಿಯಲ್ಲಿ ಮೂರು ತಿಂಗಳಿಟ್ಟರೂ ಸತ್ವ ಕಳೆದುಕೊಂಡಿರಲಿಲ್ಲ. ಮಲೆನಾಡಿಗೆ ಇದು ಸಮಾಧಾನದ ಸುದ್ದಿ. ಪಾರ್ವೊ, ಡಿಸ್ಟೆಂಪರಿನ ಜೀವಂತ ಲಸಿಕೆಗಳಿಗೆ ಈ ಸೈರಣೆಯಿಲ್ಲ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕಿದ ನಾಯಿಯ ಜಂತುನಿವಾರಣೆ, ಲಸಿಕೆ, ಸಂತಾನಹರಣಗಳಿಗೆ ಒಡೆಯ ಹೊಣೆ. ಬೀದಿನಾಯಿಯದಕ್ಕೆ ಸ್ಥಳೀಯ ಸಂಸ್ಥೆ, ಅಂದರೆ ರಿಪ್ಪನ್‌ಪೇಟೆಯಂಥ ಊರಿನಲ್ಲಿ ಗ್ರಾಮ ಪಂಚಾಯಿತಿ. 2025ರ ಆಗಸ್ಟ್ 22ರಂದು ಬೀದಿನಾಯಿಗಳ ಬಗ್ಗೆ ಆದೇಶ ನೀಡಿದ ಸುಪ್ರೀಂ ಕೋರ್ಟ್ ಕೂಡ ಲಸಿಕೆಯ ಪಕ್ಕದಲ್ಲೇ ಜಂತುನಿವಾರಣೆಯನ್ನು ಹೆಸರಿಸಿತು. ನಿಯಮದ ಆ ಸಾಲಿನಲ್ಲಂತೂ ಜಂತುನಿವಾರಣೆಯೇ ಮೊದಲು, ಲಸಿಕೆ ಎರಡನೆಯದು.