ಲಿಲಾವಿನ ಡಂಗುರ: ಸಾಲಕ್ಕೆ ಮನೆ ಹೋಗುವುದರ ಒಂದಿಷ್ಟು ಚರಿತ್ರೆ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ನಾನು ಆರಿಸಿಕೊಂಡ ವಿಷಯ ತಿಳಿದು ಕೆಲವರು, "ಶುಭ ಕಾರ್ಯದಾಗ ಲಿಲಾವಿನ ಮಾತ್ಯಾಕ್ರೀ?" ಎಂದರು. ಆದರೆ ನಮ್ಮ ಸೀಮೆಯಲ್ಲಿ ಸಹಕಾರಿ ಸಂಘ ಎಂಬುದು ಹುಟ್ಟಿದ್ದೇ ಲಿಲಾವಿನ ಅಂಜಿಕೆಯೊಳಗಿಂದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿ ಹೋದರು. ಎರಡಕ್ಕೂ ಸಾಲ ಬೇಕು. ಆ ಸಾಲಕ್ಕೆ ಮನೆ ಹೇಗೆ ಹೋಗುತ್ತದೆ, ಹೋಗದಂತೆ ತಡೆಯಲು ಯಾವ ಕಾಲದಲ್ಲಿ ಏನು ದಾರಿ ಇತ್ತು ಎಂಬುದೇ ಈ ಲೇಖನ.

ಕಥೆ ಹತ್ತಿಯಿಂದ ಶುರುವಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಮುಂಬಯಿ ಪ್ರಾಂತದ ಹತ್ತಿಗೆ ಎಂದೂ ಕಾಣದ ದರ ಬಂತು. ನಮ್ಮ ಧಾರವಾಡ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ಸಾವುಕಾರರು ಕೇಳಿದವರಿಗೆ ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿಯಿತು, ದರ ಬಿತ್ತು, ಸರಕಾರದ ಕಂದಾಯ ಮಾತ್ರ ಏರಿತು. ಸಾವುಕಾರರು ಕೈ ಬಿಗಿ ಹಿಡಿದು ಹಳೆ ಬಾಕಿಗೆ ಕೋರ್ಟು ಹತ್ತಿದರು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಎದ್ದರು. ಸಾವುಕಾರರ ಅಂಗಡಿ ಹೊಕ್ಕು ಸಾಲಪತ್ರ, ಲೆಕ್ಕದ ವಹಿ ಹೊರಗೆಳೆದು ಬೆಂಕಿ ಹಚ್ಚಿದರು. ಗಲಭೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಗಮನಿಸಬೇಕಾದ ಮಾತು ಒಂದಿದೆ. ಜನರ ಸಿಟ್ಟೆಲ್ಲ ಕಾಗದದ ಮೇಲಿತ್ತು. ತಾವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಕೋರ್ಟಿಗೆ ಮಾತ್ರ ಆ ಕಾಗದ ಬಿಟ್ಟರೆ ಬೇರೇನೂ ಬೇಕಿರಲಿಲ್ಲ.

ಸರಕಾರ ಚೌಕಶಿ ನಡೆಸಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. ಅದು ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹಮದನಗರ ಜಿಲ್ಲೆಗಳಿಗೆ ಬಂತು. ಸಾಲಕ್ಕಾಗಿ ರೈತನನ್ನು ಜೇಲಿಗೆ ಹಾಕುವುದು ನಿಂತಿತು. ವ್ಯವಹಾರ ಮೊದಲಿನಿಂದ ಹೇಗೆ ನಡೆಯಿತು, ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಕಾಗದದ ಹಿಂದೆ ಹೋಗಿ ನೋಡುವ ಅಧಿಕಾರ ಕೋರ್ಟಿಗೆ ಸಿಕ್ಕಿತು. ಮೈಸೂರು ಸಂಸ್ಥಾನದಲ್ಲಿಯೂ 1928ರಲ್ಲಿ ಕೃಷಿಕರ ಪರಿಹಾರ ಕಾಯ್ದೆ ಬಂತು.

ಆದರೆ ಕಾಯ್ದೆ ಸಾಲ ಕೊಡುವುದಿಲ್ಲ. ಬಿತ್ತುವ ಹೊತ್ತಿಗೆ ಮತ್ತೆ ಸಾವುಕಾರನ ಕಟ್ಟೆಯೇ ಗತಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮೇಲೆ, 1905ರ ಮೇ 8ರಂದು ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ನೋಂದಣಿಯಾಯಿತು. ಇದು ನಮಗೆಲ್ಲ ಕಂಠಪಾಠ. ಅಷ್ಟಾಗಿ ಯಾರೂ ಹೇಳದ ಸಂಗತಿಯೆಂದರೆ, ಆ ಕಾಯ್ದೆಯಂತೆ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನ ಆಸ್ತಿಗೂ ಕುತ್ತು. ಹಾಗಿದ್ದೂ ಜನ ಸೇರಿದರು ಎಂದ ಮೇಲೆ ಸಾವುಕಾರನ ಕಾಗದದ ಅಂಜಿಕೆ ಎಷ್ಟಿದ್ದೀತು!

ಇನ್ನು ಆ ಕಾಗದದ ವಿಷಯಕ್ಕೆ ಬರೋಣ. ನಮ್ಮ ಭಾಗದಲ್ಲಿ ಮನೆ ಹೊಲ ಕಳಕೊಂಡವರಲ್ಲಿ ಲಿಲಾವಿನಲ್ಲಿ ಕಳಕೊಂಡವರಷ್ಟೇ ಅಲ್ಲ, ಲಿಲಾವೇ ಇಲ್ಲದೆ ಕಳಕೊಂಡವರೂ ಇದ್ದಾರೆ. ಅದರ ಹೆಸರು ಮುದ್ದತ್ ಖರೇದಿ. ಮೈಸೂರು ಕಡೆಯವರು ಅವಧಿ ಕ್ರಯ ಎನ್ನುತ್ತಾರೆ. ಸಾಲ ಕೊಡುವವನು ಗಹಾಣ ಪತ್ರದ ಬದಲು ಖರೇದಿ ಪತ್ರವನ್ನೇ ಬರೆಸಿಕೊಳ್ಳುತ್ತಾನೆ. "ಐದು ವರ್ಷದಾಗ ರೊಕ್ಕಾ ತಿರುಗಿ ಕೊಡು, ಮನಿ ನಿನ್ನ ಹೆಸರಿಗೆ ಮಾಡಿಕೊಡ್ತೀನಿ" ಎನ್ನುತ್ತಾನೆ. ಮುದ್ದತು ಮುಗಿದರೆ ಮನೆ ಅವನದು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಇಂಥದ್ದನ್ನೂ ಗಹಾಣದ ಒಂದು ಬಗೆ ಎಂದೇ ಗುರುತಿಸಿತು. ಗಹಾಣವೆಂದು ಸಿದ್ಧವಾದರೆ ಮುದ್ದತು ಮುಗಿದರೂ ಬಿಡಿಸಿಕೊಳ್ಳುವ ಹಕ್ಕು ತಾನಾಗಿ ಸಾಯುವುದಿಲ್ಲ. ಸಾಲ ಕೊಟ್ಟವನು ಕೋರ್ಟಿಗೆ ಹೋಗಿ ಡಿಕ್ರಿ ತಂದು ಆ ಹಕ್ಕನ್ನು ಮುಗಿಸಬೇಕು. ಇಂಗ್ಲಿಷಿನವರು ಫೋರ್‌ಕ್ಲೋಜರ್ ಎನ್ನುವುದು ಇದಕ್ಕೇ.

1929ರಲ್ಲಿ ಈ ಕಾಯ್ದೆಗೆ ಒಂದು ತಿದ್ದುಪಡಿ ಬಂತು. ತಿರುಗಿ ಕೊಡುವ ಕರಾರು ಅದೇ ಖರೇದಿ ಪತ್ರದಲ್ಲಿ ಬರೆದಿದ್ದರೆ ಮಾತ್ರ ಗಹಾಣ, ಬೇರೆ ಕಾಗದದಲ್ಲಿದ್ದರೆ ಗಹಾಣವೆಂದು ಎಣಿಸುವಂತಿಲ್ಲ. ಈ ಒಂದು ಸಾಲು ಎಷ್ಟು ಮನೆಗಳ ಹಣೆಬರಹ ಬರೆಯಿತೋ! ಶಾಣ್ಯಾ ಸಾವುಕಾರ ಕರಾರನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟ, ಇಲ್ಲವೇ ಬಾಯಿಮಾತಿನಲ್ಲೇ ಮುಗಿಸಿದ. ಈಗಲೂ ಕೈಸಾಲಕ್ಕೆ ಖರೇದಿ ಪತ್ರ ಬರೆಸಿಕೊಳ್ಳುವವರು ಇದ್ದಾರೆ, ಬರೆದುಕೊಡುವವರೂ ಇದ್ದಾರೆ. ಅದಕ್ಕೇ ಇಷ್ಟು ವಿಸ್ತಾರವಾಗಿ ಬರೆದೆ. ಇದಕ್ಕಿಂತ ಕಬ್ಜಾ ಕೊಡುವ ಭೋಗ್ಯ ಎಷ್ಟೋ ವಾಸಿ. ತೀರಿಸುವ ದಿನ ಗೊತ್ತುಮಾಡದ ಭೋಗ್ಯದಲ್ಲಿ ಬರೀ ವರ್ಷ ಕಳೆದವೆಂದು ಬಿಡಿಸಿಕೊಳ್ಳುವ ಹಕ್ಕು ಹೋಗುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಲಿಲಾವಿನ ಪದ್ಧತಿಯನ್ನು 1908ರ ದಿವಾಣಿ ಸಂಹಿತೆ ಗೊತ್ತುಮಾಡಿತು. ಬೇಲಿಫ ಬಂದು ಡಂಗುರ ಸಾರಿಸಬೇಕು, ಜಪ್ತಿಯ ಕಾಗದವನ್ನು ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬೇಕು. ಹಲಗೆಯ ಸಪ್ಪಳ ಯಾರ ಮನೆ ಮುಂದೆ ನಿಂತಿತು ಎಂದು ಊರೇ ಕಿವಿಗೊಡುತ್ತಿತ್ತು. ಮಾನ ಹೋದ ಮೇಲೆ ಮನೆ ಇದ್ದೇನು ಎಂದು ಆ ಗದ್ದಲದಲ್ಲಿ ಕೈಚೆಲ್ಲಿದವರಿಗೆ ಅದೇ ಸಂಹಿತೆಯಲ್ಲಿ ತಮಗಾಗಿ ಇದ್ದ ಕಲಮುಗಳು ತಿಳಿಯಲೇ ಇಲ್ಲ. ಅರವತ್ತನೆಯ ಕಲಮಿನ ಪ್ರಕಾರ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಹೆಣ್ಣುಮಗಳು ಧರ್ಮದ ರೂಢಿಯಂತೆ ಮೈಮೇಲಿಂದ ತೆಗೆಯಬಾರದ ಆಭರಣ, ಉಳುವವನ ಸಲಕರಣೆ, ದುಡಿಯುವ ಎತ್ತು, ಬಿತ್ತುವ ಬೀಜ ಇವಾವುದನ್ನೂ ಜಪ್ತಿ ಮಾಡುವಂತಿಲ್ಲ. ಒಕ್ಕಲುತನದ ಮೇಲೆ ಬದುಕುವವನು ತಾನೇ ವಾಸವಾಗಿರುವ ಮನೆಯನ್ನೂ ಕೈಸಾಲದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ. ಆದರೆ ಅದೇ ಮನೆಯನ್ನು ತಾನಾಗಿ ಗಹಾಣ ಕೊಟ್ಟಿದ್ದರೆ ಈ ರಕ್ಷಣೆ ಇಲ್ಲ. ಇದನ್ನು ತಿಳಿಯದೆ, "ರೈತನ ಮನಿ ಯಾರೂ ಮುಟ್ಟಂಗಿಲ್ಲ" ಎಂದು ಧೈರ್ಯದಿಂದ ಕೂತವರಿದ್ದಾರೆ.

ಇನ್ನೆರಡು ದಾರಿಗಳಿವೆ. ಒಂದು, ಲಿಲಾವಿಗೆ ಮುಂಚೆ ಕೋರ್ಟಿಗೆ ಅರ್ಜಿ ಕೊಟ್ಟು, "ನಾನೇ ಒಳ್ಳೆ ದರಕ್ಕೆ ಮಾರಿ ಡಿಕ್ರಿ ತೀರಿಸುತ್ತೇನೆ" ಎಂದು ಮುದ್ದತು ಕೇಳುವುದು. ಕೋರ್ಟು ಒಪ್ಪಿದರೆ ಲಿಲಾವು ಮುಂದಕ್ಕೆ ಹೋಗುತ್ತದೆ. ಕೊಳ್ಳುವವನ ರೊಕ್ಕ ಮಾತ್ರ ಸೀದಾ ಕೋರ್ಟಿಗೇ ಬರಬೇಕು. ಗಹಾಣದ ಡಿಕ್ರಿಗೆ ಈ ಸವಲತ್ತು ಇಲ್ಲ. ಎರಡು, ಲಿಲಾವು ಆದ ಮೇಲೂ 60 ದಿನದೊಳಗೆ ಜಾಹೀರಾತಿನಲ್ಲಿ ಕಾಣಿಸಿದ ಬಾಕಿಯನ್ನೂ, ಕೊಂಡವನಿಗೆ ಅವನ ಬೆಲೆಯ ನೂರಕ್ಕೆ ಐದರಷ್ಟನ್ನೂ ಕಟ್ಟಿದರೆ ಲಿಲಾವು ರದ್ದಾಗುತ್ತದೆ. ಅಣ್ಣತಮ್ಮಂದಿರು, ಬೀಗರು ಕೂಡಿ ರೊಕ್ಕ ಹೊಂದಿಸಲು ಎರಡು ತಿಂಗಳು ಸಣ್ಣ ಅವಧಿಯಲ್ಲ.

1976ರಲ್ಲಿ ದೇವರಾಜ ಅರಸರ ಸರಕಾರದ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಕೂಲಿಕಾರರ ಖಾಸಗಿ ಸಾಲ ಮನ್ನಾ ಮಾಡಿತು. ಬ್ಯಾಂಕು, ಸಹಕಾರಿ ಸಂಘಗಳ ಸಾಲ ಅದರಲ್ಲಿ ಸೇರಲಿಲ್ಲ. ನಮ್ಮಂಥ ಸಂಘದ ಬಾಕಿಗೆ 1959ರ ಸಹಕಾರ ಕಾಯ್ದೆಯ ಎಪ್ಪತ್ತನೆಯ ಕಲಮಿನಂತೆ ದಾವೆ, ಆಮೇಲೆ ಸೇಲ್ ಆಫೀಸರರಿಂದ ಜಾರಿ.

ದೊಡ್ಡ ಬದಲಾವಣೆ ಬಂದದ್ದು 2002ರಲ್ಲಿ, ಸರ್ಫೇಸಿ ಕಾಯ್ದೆಯಿಂದ. ಬ್ಯಾಂಕಿನವರು ಕೋರ್ಟಿಗೆ ದಾವೆ ಹಾಕದೆ ತಾವೇ ಮನೆ ಕಬ್ಜಾ ತೆಗೆದುಕೊಂಡು ಮಾರಬಹುದು. ಈಗ ಡಂಗುರದ ಬದಲು ಪೇಪರಿನಲ್ಲಿ ಜಾಹೀರಾತು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆಂದು 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಸಾಗುವಳಿ ಜಮೀನು ಇದರಿಂದ ಹೊರಗಿದೆ, ಗಹಾಣವಿಟ್ಟ ಮನೆ ಹೊರಗಿಲ್ಲ. ಪಟ್ಟಣದಲ್ಲಿ ಮನೆ ಮಾಡಿರುವ ನಮ್ಮೂರ ಹುಡುಗರು ಇದನ್ನು ಲಕ್ಷ್ಯಗೊಟ್ಟು ಓದಬೇಕು.

ಕಂತು 90 ದಿನ ದಾಟಿದರೆ ಸಾಲ ಕೆಟ್ಟ ಲೆಕ್ಕಕ್ಕೆ ಹೋಗುತ್ತದೆ. ಆಮೇಲೆ 60 ದಿನದ ನೋಟೀಸು. ಅದಕ್ಕೆ ತಕರಾರು ಬರೆದು ಕೊಟ್ಟರೆ 15 ದಿನದಲ್ಲಿ ಬ್ಯಾಂಕು ಉತ್ತರಿಸಲೇಬೇಕು. ಕಬ್ಜಾ ತೆಗೆದುಕೊಂಡರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಮಾರಾಟಕ್ಕೆ ಮುಂಚೆ ಮತ್ತೆ 30 ದಿನದ ನೋಟೀಸು ಉಂಟು. ಆದರೆ 2016ರ ತಿದ್ದುಪಡಿ ಒಂದು ಬಾಗಿಲನ್ನು ಮುಚ್ಚಿತು. ಲಿಲಾವಿನ ಜಾಹೀರಾತು ಪ್ರಕಟವಾಗುವ ಮುಂಚೆ ಪೂರಾ ಬಾಕಿ ಕಟ್ಟಿದರಷ್ಟೇ ಮನೆ ಉಳಿಸಿಕೊಳ್ಳುವ ಹಕ್ಕು. 2023ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಹಳೆ ಸಂಹಿತೆಯಲ್ಲಿ ಲಿಲಾವಿನ ಆಚೆಗೂ ಇದ್ದ ಎರಡು ತಿಂಗಳು ಇಲ್ಲಿಲ್ಲ. ರೂಢಿಯ ಮೇಲೆ "ಲಿಲಾವು ಆದ ಮ್ಯಾಲೆ ನೋಡೂಣು" ಎನ್ನುವವರಿಗೆ ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ದೊಡ್ಡ ಹೊಡೆತ ಮತ್ತೊಂದಿಲ್ಲ.

ಹಾಗಾದರೆ ತಾನೇ ಮಾರಿ ತೀರಿಸುವ ದಾರಿ? ಅದು ಇದೆ. ನೋಟೀಸು ಬಂದ ಮೇಲೆ ಬ್ಯಾಂಕಿನ ಲೇಖೀ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಒಪ್ಪಿಗೆ ಪಡೆದು ಮಾರಬಹುದು. ಮನೆಯ ಬೆಲೆ ಬಾಕಿಗಿಂತ ಕಡಿಮೆಯಿದ್ದರೆ ಬ್ಯಾಂಕು ಅಷ್ಟಕ್ಕೇ ಒಪ್ಪಿ ಮಾರಗೊಡುವುದಕ್ಕೆ ಅಮೆರಿಕದಲ್ಲಿ ಶಾರ್ಟ್ ಸೇಲ್ ಎನ್ನುತ್ತಾರೆ. 2008ರ ಸುಮಾರಿಗೆ ಅಲ್ಲಿ ಮನೆಗಳ ಬೆಲೆ ಕುಸಿದಾಗ ಆ ಮಾತು ಮನೆಮಾತಾಯಿತು. ನಮ್ಮಲ್ಲಿ ಅದೇ ಕೆಲಸವನ್ನು ಒಂದೇ ಕಂತಿನ ತೀರುವಳಿ ಮಾಡುತ್ತದೆ. ಬ್ಯಾಂಕು ಒಪ್ಪಿಕೊಳ್ಳಲೇಬೇಕೆಂಬ ಹಕ್ಕು ನಮಗಿಲ್ಲ, ಕೇಳಬಹುದು. ಕೇಳುವಾಗ ಉಳಿದ ಬಾಕಿ ಬಿಟ್ಟೆವೆಂದು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಇಲ್ಲವಾದರೆ ಮನೆ ಮಾರಿದ ಮೇಲೂ ಕಡಿಮೆ ಬಿದ್ದ ರೊಕ್ಕಕ್ಕೆ ಬೆನ್ನು ಹತ್ತಬಹುದು. ಲಿಲಾವಿನಲ್ಲಿ ಬಾಕಿ, ಖರ್ಚು ಕಳೆದು ಹೆಚ್ಚಿಗೆ ಬಂದರೆ ಆ ಹೆಚ್ಚಿಗೆ ಸಾಲಗಾರನದೇ. ಬೇರೆ ಬಾಕಿದಾರರ ಹಕ್ಕು ಇಲ್ಲದಿದ್ದರೆ ಅದನ್ನು ಕೇಳಿ ಪಡೆಯಬೇಕು.

ಸಾಲ ಪೂರಾ ತೀರಿದವರಿಗೂ ಒಂದು ಕೆಲಸ ಉಳಿದಿರುತ್ತದೆ. ಉತಾರದ ಮೇಲಿನ ಬೋಜಾ ಕಡಿಮೆ ಮಾಡಿಸಿ ಹೊಸ ಉತಾರ ತೆಗೆಸಬೇಕು, ಗಹಾಣ ಪತ್ರ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವನ್ನೂ ನೋಂದಣಿ ಮಾಡಿಸಬೇಕು. ಮೂಲ ಕಾಗದಪತ್ರಗಳನ್ನು ತೀರಿದ 30 ದಿನದಲ್ಲಿ ತಿರುಗಿ ಕೊಡಬೇಕೆಂದೂ, ತಮ್ಮಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2023ರ ಸಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಆದೇಶ ಮಾಡಿದೆ. ಅದು ಅದೇ ವರ್ಷ ಡಿಸೆಂಬರ್ 1ರಿಂದ ಜಾರಿಯಲ್ಲಿದ್ದು, ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ.